ಒಗೆಯುವ ಕೋಣೆಯಲ್ಲಿ ಇಟ್ಟ ತೋಟ

ಡನೀಡಿನ್, ನ್ಯೂಜಿಲೆಂಡ್
13 ನವೆಂಬರ್ 2016, ಭಾನುವಾರ

ಪ್ರೀತಿಯ ತೆಕುರಾ,

ಮೊನ್ನೆ ಶುಕ್ರವಾರ, ನವೆಂಬರ್ ಹನ್ನೊಂದರ ಬೆಳಿಗ್ಗೆ, ಗ್ಲೆನ್‌ಕಾರಾ ಹಾಸ್ಟೆಲಿನ ಹೊಸ ಆಡಳಿತದವರು ಬಟ್ಟೆ ಒಗೆಯುವ ಕೋಣೆಯಲ್ಲಿ ವಿದ್ಯಾರ್ಥಿಗಳು ಬಿಟ್ಟುಹೋಗಿದ್ದ ಸಾಮಾನನ್ನೆಲ್ಲ ಕಸ ಅರೆಯುವ ಲಾರಿಗೆ ಹಾಕಿ ಕಳಿಸಿದರು. ನಮಗೆ ಒಂದು ಮಾತು ಹೇಳಲಿಲ್ಲ. ಮೂವತ್ತೆರಡು ವರ್ಷದಿಂದ ನವೆಂಬರಿನ ಎರಡನೆಯ ಶನಿವಾರ ಅವನ್ನು ಒಯ್ಯಲು ನಾವು ಈ ಬೀದಿಯವರು ಕೈಗಾಡಿ ತಳ್ಳಿಕೊಂಡು ಬರುತ್ತೇವೆಂದು ಆ ಕೋಣೆಯ ಗೋಡೆಗೂ ಗೊತ್ತು. ಇವರಿಗೆ ಗೊತ್ತಿರಲಿಲ್ಲವಂತೆ.

ಶನಿವಾರ ನಾನು ಹೋದಾಗ ಬಾಗಿಲು ಹಾರುಹೊಡೆದಿತ್ತು. ನೆಲ ತೊಳೆದು ಒದ್ದೆಯಾಗಿತ್ತು. ಮೂಲೆಯಲ್ಲಿ ಬಟ್ಟೆ ಸಿಕ್ಕಿಸುವ ಒಂದೇ ಒಂದು ಕ್ಲಿಪ್ಪು ಬಿದ್ದಿತ್ತು. ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಈ ವರ್ಷ ನಮ್ಮ ಪಾಲಿಗೆ ಬಂದದ್ದು ಅಷ್ಟೇ.

ನೀನು ನಾಲ್ಕು ವರ್ಷ ನನ್ನ ಜೊತೆ ಕೈಗಾಡಿ ತಳ್ಳಿದವಳು, ನಿನಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಆದರೂ ಹೇಳುತ್ತೇನೆ, ನೆನಪಿರುವವರು ಕಡಿಮೆಯಾಗುತ್ತಿದ್ದಾರೆ. ಎಂಬತ್ತನಾಲ್ಕರಲ್ಲಿ ಒಬ್ಬ ಹುಡುಗ ವರ್ಷದ ಓದು ಮುಗಿಸಿ ಊರಿಗೆ ಹೊರಡುವ ಅವಸರದಲ್ಲಿ ಒಳ್ಳೆಯ ಉಣ್ಣೆಯ ಕೋಟನ್ನು ಕಸದ ಡಬ್ಬಿಗೆ ತುರುಕುತ್ತಿದ್ದ. ಎದುರು ಮನೆಯ ಮಿಸೆಸ್ ಪಿರಿ ಓಡಿ ಬಂದು ಅವನ ಮಣಿಕಟ್ಟು ಹಿಡಿದಳು. "ಅದು ಕುರಿಯ ಮೈಮೇಲಿತ್ತು ಕಣೋ, ಕುರಿಗಾದರೂ ಮರ್ಯಾದೆ ಕೊಡು" ಎಂದಳು. ಮುಂದಿನ ಫೆಬ್ರವರಿಯಲ್ಲಿ ಆ ಕೋಟು ಬಿಸಿಲಿನ ಊರಾದ ಸರವಾಕ್‌ನಿಂದ ಚಪ್ಪಲಿ ಮೆಟ್ಟಿಕೊಂಡು ಬಂದಿಳಿದ ಹುಡುಗಿಯೊಬ್ಬಳ ಮೈಮೇಲಿತ್ತು. ಶುರುವಾದದ್ದು ಹಾಗೆ. ಹೋಗುವವರು ಬಿಟ್ಟದ್ದನ್ನು ಬೇಸಿಗೆಯಿಡೀ ತೊಳೆದು, ಹೊಲಿದು, ತಂತಿ ಬದಲಿಸಿ ಇಡುವುದು. ಬರುವವರು ಎತ್ತಿಕೊಳ್ಳುವುದು. ಪ್ರತಿಯೊಂದರ ಅಡಿಯಲ್ಲಿ ಬಳಸಿದವರು ಹೆಸರು ಬರೆಯುವುದು. ನಿನ್ನ ಅನ್ನದ ಕುಕ್ಕರಿನ ತಳದಲ್ಲಿ ಹನ್ನೊಂದು ಹೆಸರಿದ್ದವು. ನಿನ್ನ ಹೆಸರಿನ ಕೆಳಗೆ ಇನ್ನಿಬ್ಬರಿಗೆ ಜಾಗ ಇತ್ತು. ಅದೂ ಹೋಯಿತು. ಕ್ಷಮಿಸು.

ಹಳೆಯ ಕಾಲದ ದೊರೆಗಳು ಸತ್ತರೆ ಜೊತೆಗೆ ಅವರ ಮಡಕೆ ಕುಡಿಕೆ, ಹಾಸಿಗೆ ಹೊದಿಕೆಗಳನ್ನು ಹೂಳುತ್ತಿದ್ದರೆಂದು ಓದಿದ್ದೇನೆ. ಅದನ್ನು ದಡ್ಡತನ ಎಂದು ನಗುತ್ತೇವೆ. ಅಲ್ಲಿ ದೊರೆಯಾದರೂ ಒಬ್ಬನಿದ್ದ.

ವಿಮಾನ ಹತ್ತುವ ಹಿಂದಿನ ದಿನ ನೀನು, "ಶನಿವಾರ ಕೋಣೆಗೆ ಹೋಗಿ ನೋಡಿ ಆಂಟಿ, ಬೈಯೋಕೆ ನಾನು ಸಿಗಲ್ಲ" ಎಂದು ನಕ್ಕೆಯಲ್ಲ, ಏನಿಟ್ಟಿದ್ದೆ? ನಾನು ನೋಡಲಿಲ್ಲ. ತಿಳಿಸು. ನಿನ್ನ ಅಜ್ಜಿಗೆ ನಮಸ್ಕಾರ.

ನಿನ್ನ
ಐಲ್ಸಾ ಡ್ರಮಂಡ್


ಅರೆಓರಾ, ಅತಿಯು ದ್ವೀಪ
11 ಡಿಸೆಂಬರ್ 2016

ಐಲ್ಸಾ ಅವರಿಗೆ,

ಕಿಯಾ ಒರಾನಾ, ನೂರು ಕಾಲ ಬಾಳಿ. ಇದನ್ನ ಬರೀತಿರೋದು ತೆಕುರಾ ಅಲ್ಲ, ಅವಳ ಅಜ್ಜಿ ತೆಪಾಯೆರು. ಓದೋಕೆ ನನ್ನ ಕಣ್ಣು ಮಂಜು. ಬರೆಯೋಕೆ ಕಣ್ಣು ಬೇಡ, ಕೈಗೇ ದಾರಿ ಗೊತ್ತು. ಸಾಲು ಸೊಟ್ಟಗಿದ್ರೆ ಬೈಕೋಬೇಡಿ.

ನಿಮ್ಮ ಪತ್ರ ವಿಮಾನದಲ್ಲಿ ಬಂತು. ಹುಡುಗಿ ಒಬ್ಬಳೇ ಓದಿಕೊಂಡಳು. ಮುಖ ಬಿಸಿಲಿಗೆ ಬಿದ್ದ ಎಲೆ ಹಾಗಾಯ್ತು. "ಏನಂತೆ?" ಅಂದೆ. "ಆಂಟಿ ಚೆನ್ನಾಗಿದ್ದಾರಂತೆ ಅಜ್ಜಿ. ಅಲ್ಲಿ ಗಾಳಿಯಂತೆ." "ಎರಡೂ ಕಡೆ ತುಂಬ ಬರೆದಿದ್ದಾರಲ್ಲೇ, ಬರೀ ಗಾಳೀನಾ?" ಅಂದ್ರೆ ಗುದ್ದಲಿ ತಗೊಂಡು ಟಾರೋ ಕೆಸುವಿನ ಗದ್ದೆಗೆ ಹೊರಟೇ ಹೋದಳು. ಅವತ್ತಿಂದ ನಮ್ಮ ಗದ್ದೇಲಿ ಒಂದು ಕಳೆ ಉಳಿದಿಲ್ಲ. ಇಲ್ಲಿ ಶಾಲೆಯಲ್ಲಿ ಅವಳಿಗೆ ಮೇಷ್ಟ್ರು ಕೆಲಸ ಆಗಿದೆ, ಫೆಬ್ರವರಿಯಿಂದ. ಅದಕ್ಕೂ ನಗೋದಿಲ್ಲ. ಹೊರಗೆ ಹೋಗಿ ಬಂದ ಮಕ್ಕಳಿಗೆ ಊರು ಚಿಕ್ಕದಾಗತ್ತೆ ಅಂತಾರೆ. ಅದೇ ಇರಬೇಕು.

ನಾನು ಕಾಗದ ತಗೊಂಡಿದ್ದು ಬೇರೆ ವಿಷಯಕ್ಕೆ. ನನ್ನ ತೀವೈವೈ, ಆ ಹೂಬಳ್ಳಿ ಹೊಲಿದ ಹಾಸು, ನಿಮ್ಮ ಮಂಚದ ಮೇಲೆ ಹೇಗೆ ಕೂತಿದೆ? ಅಗಲ ಸರಿ ಹೋಯ್ತಾ? ನಿಮ್ಮಲ್ಲಿ ಮಂಚ ಸಣ್ಣದಂತೆ. ಅದು ಹೊಲಿದಿದ್ದು ಎಲ್ಲ ಕೈಯಲ್ಲೇ, ಮಷೀನಲ್ಲಲ್ಲ. ಹುಡುಗಿ ಚಳಿ ದೇಶಕ್ಕೆ ಹೊರಟಾಗ ಅವಳ ಕೈಲಿಟ್ಟು ಹೇಳಿದ್ದೆ, "ಅಲ್ಲಿ ನಿನ್ನನ್ನ ಯಾರು ಮನೆ ಮಗಳ ಹಾಗೆ ನೋಡ್ಕೋತಾರೋ ಬರುವಾಗ ಅವರಿಗೆ ಕೊಟ್ಟು ಬಾ." ಮೊದಲ ದಿನಾನೇ ನೀವು ಕೋಟು ಹೊದಿಸಿದ್ರಂತೆ. ಹಾಗಾದ್ರೆ ನಿಮ್ಮದೇ.

ಅವಳು ಊರಿಗೆ ಬಂದಿಳಿದ ದಿನಾನೇ "ಕೈಗೆ ಕೊಟ್ಟು ಬಂದೆಯೇನೆ?" ಅಂತ ಕೇಳಿದ್ದೆ. "ಅಯ್ಯೋ ಅಜ್ಜಿ, ಆ ಆಂಟಿ ಕೈಗೆ ಏನು ಕೊಟ್ರೂ ತಗೊಳ್ಳಲ್ಲ. ಹಂಚಿನ ಬಿಲ್ಲೆಯಷ್ಟು ಚಾಕಲೇಟ್ ಕೊಟ್ರೂ 'ಕೋಣೆಯಲ್ಲಿಡು, ಬೇಕಾದವರು ತಗೋತಾರೆ' ಅಂತಾರೆ. ಅದಕ್ಕೆ ಒಗೆಯೋ ಕೋಣೆಯಲ್ಲಿದ್ದ ಸಾಮಾನು ರಾಶಿ ಮೇಲೇ ಹೊದಿಸಿ ಬಂದೆ, ಮದುವೇಲಿ ಹುಡುಗಿ ಕೂರೋ ಕುರ್ಚಿಗೆ ಹೊದಿಸಿದ ಹಾಗೆ" ಅಂದಳು. ಹಳೇ ಮಡಕೆ ರಾಶಿಗೆ ಮದುಮಗಳ ಮರ್ಯಾದೆ! ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡೆ.

ದೊಡ್ಡ ಅಕ್ಷರದಲ್ಲಿ ಬರೀರಿ, ನಾನೇ ಓದ್ಕೋತೀನಿ.

ತೆಪಾಯೆರು


ಡನೀಡಿನ್
4 ಜನವರಿ 2017

ಪ್ರಿಯ ತೆಪಾಯೆರು ಅವರಿಗೆ,

ನಿಮ್ಮ ಪತ್ರ ತಲುಪಿತು. ಒಂದು ವಾರ ಅದನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟುಕೊಂಡು ಓಡಾಡಿದೆ. ನಾನು ಮೂವತ್ತು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಮಾಡಿದವಳು. ಇಲ್ಲದ್ದನ್ನು ಬರೆಯಲು ಕೈ ಏಳುವುದಿಲ್ಲ. ಆದ್ದರಿಂದ ಇರುವುದನ್ನು ಮಾತ್ರ ಬರೆಯುತ್ತೇನೆ.

ಅಂಥದೊಂದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ನನ್ನ ಮಂಚ ಸಣ್ಣದೇ. ನನ್ನ ತಾಯಿಯದು, ಸ್ಕಾಟ್‌ಲೆಂಡಿನಿಂದ ಅವಳ ಅಜ್ಜಿ ಹಡಗಿನಲ್ಲಿ ತಂದದ್ದು. ನಿಮ್ಮ ಮೊಮ್ಮಗಳು ಹೇಳಿದ್ದು ನಿಜ, ಕೈಗೆ ಕೊಟ್ಟರೆ ನಾನು ತೆಗೆದುಕೊಳ್ಳುತ್ತಿರಲಿಲ್ಲ. ಈಗ ಅದನ್ನು ನೆನೆದು ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನೀವು ಅದನ್ನು ಹೊಲಿದ ಕಥೆ ನನಗೆ ಬೇಕು. ಬಣ್ಣ ಯಾವುದು ಎಂದು ನಿಮ್ಮ ಮಾತಿನಲ್ಲಿ ಹೇಗೆ ಹೇಳುತ್ತೀರಿ? ನಡುವೆ ಏನಿದೆ, ಅಂಚಿನಲ್ಲಿ ಏನಿದೆ? ಹಿಂಬದಿಯಲ್ಲಿ ಗುರುತೇನಾದರೂ ಇದೆಯೇ? ಬೇರೆಯವರು ಹೊಲಿದ ಸಾವಿರ ಹೊದಿಕೆಗಳ ನಡುವೆ ಇದ್ದರೂ ಇದೇ ಎಂದು ಹೇಗೆ ಗುರುತು ಹಿಡಿಯಬಹುದು? ಮುದುಕಿಯ ಕುತೂಹಲ ಎಂದುಕೊಳ್ಳಿ. ಆದಷ್ಟು ಬೇಗ ಬರೆಯಿರಿ.

ಇಲ್ಲಿ ಈಗ ಊರು ಖಾಲಿ. ವಿದ್ಯಾರ್ಥಿಗಳಿಲ್ಲದ ಬೀದಿಗಳಲ್ಲಿ ಕಡಲಹಕ್ಕಿಗಳು ಮನುಷ್ಯರ ಹಾಗೆ ನಡೆದಾಡುತ್ತವೆ. ಬೆಳಿಗ್ಗೆ ಕೊಲ್ಲಿಯಿಂದ ಮಂಜು ಏರಿ ಬಂದು ಮನೆಗಳ ಕಾಲು ಮುಚ್ಚುತ್ತದೆ. ಮಾಡುಗಳಷ್ಟೇ ತೇಲುತ್ತವೆ. ಅಂಥ ಹೊತ್ತಿನಲ್ಲಿ ಕಳೆದುಹೋದದ್ದು ಯಾವುದೂ ಪೂರ್ತಿ ಕಳೆದಿಲ್ಲ, ಮಂಜಿನ ಅಡಿಯಲ್ಲಿ ಎಲ್ಲೋ ಇದೆ ಎನ್ನಿಸುತ್ತದೆ.

ತೆಕುರಾಳಿಗೆ ಹೇಳಿ, ಅವಳ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಇದನ್ನು ಹೀಗೇ ಹೇಳಿ.

ಐಲ್ಸಾ


ಅರೆಓರಾ
29 ಜನವರಿ 2017

ತಂಗಿ ಐಲ್ಸಾ,

ವಯಸ್ಸು ಕೇಳಿದೆ ಹುಡುಗೀನ. ನೀನು ನನಗಿಂತ ಒಂಬತ್ತು ವರ್ಷ ಚಿಕ್ಕೋಳು. ಇನ್ನು 'ಅವರಿಗೆ ಇವರಿಗೆ' ಸಾಕು.

ವಿಚಿತ್ರ ಹೆಂಗಸು ನೀನು. ಮಂಚದ ಮೇಲೆ ಹಾಸ್ಕೊಂಡು ಅದರ ಬಣ್ಣ ಯಾವುದು ಅಂತ ನನ್ನ ಕೇಳ್ತೀಯ. ನಿನಗೂ ಕಣ್ಣು ಮಂಜಾಯ್ತಾ? ಇರಲಿ, ಹೇಳೋಕೆ ನನಗೂ ಆಸೆ.

ಹಳದಿ ನೆಲ. ಮಾಗಿದ ಪಪ್ಪಾಯಿ ಒಳಗಿನ ಹಳದಿ. ಅದರ ಮೇಲೆ ಕಡು ಹಸಿರು ಮಾಯಿರೆ ಬಳ್ಳಿ, ನಮ್ಮ ಕಾಡಿಂದು, ಮಾಲೆ ಕಟ್ಟೋ ಎಲೆ. ನಡುವೆ ಎಂಟು ಎಸಳಿನ ಹೂವು. ಹಸಿರು ಬಟ್ಟೇನ ಮಡಚಿ ಮಡಚಿ ಒಂದೇ ಸಲ ಕತ್ತರಿಸಿದ್ದು ನನ್ನ ಗೆಳತಿ ನಾಪೊಕೊ. ಅವಳು ಕತ್ತರಿ ಹಿಡಿದಾಗ ನಾವ್ಯಾರೂ ಉಸಿರು ಬಿಡ್ತಿರಲಿಲ್ಲ. ಕತ್ತರಿಸಿ ಬಿಡಿಸಿದಳು ಅಂದ್ರೆ, ನೆಲದ ಮೇಲೆ ತೋಟ ಎದ್ದು ಕೂತ ಹಾಗಿತ್ತು.

ಹೊಲಿದೋರು ಮೂರು ಜನ. ನಾನು, ನಾಪೊಕೊ, ನನ್ನ ಅಕ್ಕ ಅಕೈತಿ. ಅಕೈತಿ ಎಡಚಿ. ಅವಳ ಮೂಲೆಯಲ್ಲಿ ಹೊಲಿಗೆ ಎಲ್ಲ ಆ ಕಡೆ ವಾಲತ್ತೆ. ಗುರುತು ಕೇಳಿದೆಯಲ್ಲ, ಅದೇ ಗುರುತು. ನಾಪೊಕೊ ದಿನಾ ಕೆಣಕೋಳು.

"ಅಕೈತಿ, ನಿನ್ನ ಹೊಲಿಗೆ ಏಡಿ ನಡೆದ ಹಾಗಿದೆ ಕಣೆ."

"ಏಡಿ ಅಡ್ಡ ನಡೆದ್ರೂ ಮನೆ ಸೇರತ್ತೆ. ನಿನ್ನ ಹೊಲಿಗೆ ಪಾಸ್ಟರ್ ಹೆಂಡತಿ ಹಾಗೆ. ನೆಟ್ಟಗೆ ನಡೀತಾಳೆ, ಎಲ್ಲಿಗೆ ಅಂತ ಅವಳಿಗೇ ಗೊತ್ತಿಲ್ಲ."

"ಪಾಸ್ಟರ್ ಹೆಂಡತಿ ಇಲ್ಲೇ ಕೂತಿದ್ದಾಳೆ, ಮಾರಾಯ್ತಿ!"

"ಕೂತಿರಲಿ. ದಾರ ಪೋಣಿಸಿ ಕೊಡಲಿ, ಸುಮ್ನೆ ಕೂರೋದು ಯಾಕೆ?"

ಮಳೆಗಾಲ ಎರಡು ಕಳೀತು ಮುಗಿಸೋಕೆ. ಒಬ್ಬೊಬ್ಬರಿಗೆ ಒಂದೊಂದು ಅಂತ ಮೂರು ಹೊಲಿದ್ವಿ. ನಾಪೊಕೊ ತನ್ನದರಲ್ಲಿ ಹೋದಳು, ಆಮೇಲೆ ಅಕೈತಿ ತನ್ನದರಲ್ಲಿ ಹೋದಳು. ಉಳಿದಿದ್ದು ಇದೊಂದು. ಮೂರೂ ಜನರ ಕೈ ಇರೋದು ಇದೊಂದರಲ್ಲೇ ಈಗ, ನೆಲದ ಮೇಲೆ.

ಬಿಸಿಲಿಗೆ ಹಾಕಬೇಡ, ಹಳದಿ ಬೇಗ ಸಾಯತ್ತೆ. ನೀನು ಹೇಳು ಅಂದಿದ್ದನ್ನ ಹುಡುಗಿಗೆ ಹೇಳಿದೆ, 'ಬೇಸರ ಇಲ್ಲ' ಅಂತ. ಬಾವಿ ಕಟ್ಟೆ ಹತ್ರ ಕೂತು ಅತ್ತಳು. ನಿಮ್ಮಿಬ್ಬರ ನಡುವೆ ಏನೋ ಇದೆ. ನಾನು ಕೇಳಲ್ಲ. ಅದು ತಾನಾಗೇ ಹಣ್ಣಾಗಿ ಬೀಳಲಿ.

ತೆಪಾಯೆರು


ಡನೀಡಿನ್
26 ಫೆಬ್ರವರಿ 2017

ತೆಪಾಯೆರು ಅಕ್ಕ,

ನನಗೆ ಅಕ್ಕಂದಿರಿಲ್ಲ. ಬರೆದು ನೋಡಿದೆ, ಚೆನ್ನಾಗಿದೆ.

ಹೊಸ ವಿದ್ಯಾರ್ಥಿಗಳು ಬಂದಿದ್ದಾರೆ. ಬೀದಿ ತುಂಬ ರಟ್ಟಿನ ಪೆಟ್ಟಿಗೆ. ಹೊಸ ಕುಕ್ಕರು, ಹೊಸ ದೀಪ, ಹೊಸ ಕೆಟಲ್. ಹಣ ಇಲ್ಲದ ಮಕ್ಕಳು ಮೊದಲ ವಾರ ನಮ್ಮ ಒಗೆಯುವ ಕೋಣೆ ಹುಡುಕಿಕೊಂಡು ಬಂದರು, ಅಣ್ಣನೋ ಗೆಳತಿಯೋ ಹೇಳಿ ಕಳಿಸಿದ್ದರಂತೆ. ಅಲ್ಲಿ ಈಗ ಸೈಕಲ್ ನಿಲ್ಲಿಸುವ ಕಬ್ಬಿಣದ ಚೌಕಟ್ಟುಗಳಿವೆ. ಫಿಜಿಯ ಹುಡುಗಿಯೊಬ್ಬಳು ಆ ಚೌಕಟ್ಟುಗಳ ನಡುವೆ ನಿಂತು, "ಇಲ್ಲೇ ಅಂದಿದ್ದಳು ನಮ್ಮಕ್ಕ" ಎಂದಳು. ನನ್ನ ಎರಡು ಕಂಬಳಿಯಲ್ಲಿ ಒಂದನ್ನು ಅವಳಿಗೆ ಕೊಟ್ಟೆ.

ನಿಮ್ಮ ಪತ್ರ ಬಂದ ಮೇಲೆ ನಾನು ಹಾಸ್ಟೆಲಿನ ವ್ಯವಸ್ಥಾಪಕನ ಬಳಿ ಹೋದೆ. ಹಾರ್ಗೆಸ್ಟ್ ಎಂದು ಅವನ ಹೆಸರು. ಕುಕ್ಕರಿನ ವಿಷಯ ಕೇಳಲು ಹೋಗಿದ್ದೆ.

"ಕೂತ್ಕೊಳ್ಳಿ ಮೇಡಂ. ಟೀ?"

"ಬೇಡ. ನವೆಂಬರಿನಲ್ಲಿ ಒಗೆಯುವ ಕೋಣೆಯಲ್ಲಿ ಇದ್ದದ್ದೆಲ್ಲ ಎಲ್ಲಿ?"

"ಆ ಕಸಾನಾ? ತೆಗೆಸಿದ್ವಿ. ಯಾರಿಗೂ ಬೇಡವಾಗಿತ್ತು."

"ಬೇಡ ಅಂತ ಯಾರು ಹೇಳಿದರು?"

"ಬಿಟ್ಟು ಹೋಗಿದ್ರಲ್ಲ ಮೇಡಂ. ಬೇಕಿದ್ರೆ ಬಿಟ್ಟು ಹೋಗ್ತಾರಾ?"

"ಮನೆಯ ಮೆಟ್ಟಿಲ ಮೇಲೆ ಹಾಲಿನ ಬಾಟಲಿ ಬಿಟ್ಟು ಹೋಗ್ತಾರೆ. ಅದನ್ನೂ ಚರಂಡಿಗೆ ಸುರೀತೀರಾ?"

ಅವನು ನಕ್ಕ. ಸೋಮವಾರ ಬೇಸಿಗೆಯ ಅತಿಥಿಗಳು ಬರುವವರಿದ್ದರಂತೆ, ಗಾಲ್ಫ್ ಆಡುವವರು. ಕೋಣೆ ವಾಸನೆ ಬರಬಾರದಿತ್ತಂತೆ. ರಾಶಿಯ ಮೇಲೆ ಬಟ್ಟೆ ಬರೆ ಏನಾದರೂ ಇತ್ತೇ ಎಂದು ಕೇಳಿದೆ. "ಏನೋ ಹಳೇ ಮೇಜಿನ ಬಟ್ಟೆ, ಹಳದೀದು. ಒಳ್ಳೇದೇ ಆಯ್ತು, ಗಂಟು ಕಟ್ಟೋಕೆ ಸಿಕ್ತು ಅಂದ್ರು ನಮ್ಮ ಹುಡುಗರು" ಎಂದ. ಅವನ ತಲೆಯ ಮೇಲೆ ಗೋಡೆಯಲ್ಲಿ ಹಸಿರು ಎಲೆಯ ಚಿತ್ರ ಬರೆದ ಫಲಕವಿತ್ತು: ಮರುಬಳಕೆಯೇ ನಮ್ಮ ಉಸಿರು. ಕರಡು ತಿದ್ದುವವಳ ಹಾಗೆ ಅದನ್ನು ಅಕ್ಷರ ಬಿಡದೆ ಎರಡು ಸಲ ಓದಿದೆ. ಅವನು ಕೈಗಡಿಯಾರ ನೋಡಿಕೊಂಡ.

ಊರಾಚೆ ಸಮುದ್ರದ ಪಕ್ಕ ಕಸ ಹೂಳುವ ದಿಬ್ಬಕ್ಕೂ ಹೋಗಿದ್ದೆ. ಮಣ್ಣು ತಳ್ಳುವ ಯಂತ್ರದ ಮೇಲೆ ಒಬ್ಬ ಹೆಂಗಸು ಕೂತಿದ್ದಳು.

"ನವೆಂಬರಿಂದಾ? ಕೆಳಗೆ ಹೋಗಾಯ್ತಮ್ಮ. ಮೇಲೆ ಹುಲ್ಲು ಬಿತ್ತಿದ್ದೀವಿ."

"ಅಗೆಯೋಕೆ ಆಗಲ್ವಾ?"

"ಅಗೆದ್ರೆ ನಾತ ಬರತ್ತೆ, ಅಷ್ಟೇ. ಏನು, ಉಂಗುರಾನಾ? ಎಲ್ಲರೂ ಉಂಗುರಾನೇ ಕೇಳ್ಕೊಂಡು ಬರ್ತಾರೆ."

"ಅನ್ನದ ಕುಕ್ಕರು" ಎಂದೆ. ಅವಳು ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿದಳು. ಹುಲ್ಲು ಆಗಲೇ ಮೊಳೆತಿತ್ತು. ಎಳೆ ಹಸಿರು, ಹಳದಿ ಮಣ್ಣು.

ಅಕ್ಕ, ನಿಮಗೆ ಸಂತೋಷವಾಗುವ ಒಂದು ಮಾತು. ನಿನ್ನೆ ರಾತ್ರಿ ದಕ್ಷಿಣದ ಗಾಳಿ ಎದ್ದು ಚಳಿ ಕಡಿಯಿತು. ನಿಮ್ಮ ತೀವೈವೈ ಹೊದ್ದು ಮಲಗಿದ್ದೆ. ಎಷ್ಟು ಬೆಚ್ಚಗಿತ್ತು! ಮಾಯಿರೆ ಎಲೆಗಳು ಮೈಮೇಲೆ ಮೆಲ್ಲಗೆ ಅಲುಗುತ್ತಿದ್ದವು. ಒಂದು ಮೂಲೆಯಲ್ಲಿ ಏಡಿ ನಡೆಯುವುದು ಕೇಳಿಸುತ್ತಿತ್ತು. ಬೆಳಗಿನವರೆಗೂ ಎಚ್ಚರವಾಗಲಿಲ್ಲ.

ನಿಮ್ಮ ತಂಗಿ
ಐಲ್ಸಾ


ಅರೆಓರಾ
24 ಮಾರ್ಚ್ 2017

ತಂಗಿ,

ತೀವೈವೈ ಬೆಚ್ಚಗಿರಲ್ಲ.

ಅದರಲ್ಲಿ ಹತ್ತಿ ಇಲ್ಲ, ಉಣ್ಣೆ ಇಲ್ಲ. ಬಟ್ಟೆ ಮೇಲೆ ಬಟ್ಟೆ, ಅಷ್ಟೇ. ನಮ್ಮದು ಬಿಸಿಲು ದೇಶ ಕಣೆ, ಬೆಚ್ಚಗಿರೋ ಹೊದಿಕೆ ಇಟ್ಕೊಂಡು ನಾವೇನು ಮಾಡೋಣ? ಅದು ಮಂಚದ ಮೇಲೆ ಹಾಸಿ ಬಂದೋರಿಗೆ ಮರ್ಯಾದೆ ಮಾಡೋಕೆ. ಮಲಗುವಾಗ ಮಡಚಿ ತೆಗೆದಿಡ್ತೀವಿ. ನಿಮ್ಮ ಊರಿನ ಗಾಳೀಲಿ ಅದನ್ನ ಹೊದ್ದು ಮಲಗಿದ್ರೆ ಬೆಳಿಗ್ಗೆ ನಿನ್ನನ್ನ ಮರದ ಹಲಗೆ ಹಾಗೆ ಎತ್ತಿಕೊಂಡು ಹೋಗಬೇಕಿತ್ತು.

ನೀನು ಕನಸಲ್ಲಿ ಹೊದ್ದಿದ್ದು. ಅಲ್ವಾ?

ನಿನ್ನ ಪತ್ರ ಹುಡುಗಿ ಕೈಲಿಟ್ಟು, "ಈ ಸಾಲು ಗಟ್ಟಿಯಾಗಿ ಓದು" ಅಂದೆ. 'ಎಷ್ಟು ಬೆಚ್ಚಗಿತ್ತು' ಅನ್ನೋ ಹೊತ್ತಿಗೆ ಅವಳಿಗೆ ನಗು ಬಂತು, ನಗೋದು ಮುಗಿಯೋ ಮುಂಚೆ ಅಳು ಬಂತು. ಎಲ್ಲ ಹೇಳಿದಳು. "ನಾನೇ ಕೈಗೆ ಕೊಡಬೇಕಿತ್ತು ಅಜ್ಜಿ, ಕೆನ್ನೆಗೆ ಹೊಡೆದಾದ್ರೂ ಕೊಡಬೇಕಿತ್ತು." "ಎಪ್ಪತ್ತು ದಾಟಿದೋಳ ಕೆನ್ನೆಗೆ ಹೊಡೀತೀಯಾ?" ಅಂದೆ. ಮತ್ತೆ ನಕ್ಕಳು. ನೀವಿಬ್ಬರೂ ಸೇರಿ ನನ್ನನ್ನ ಗಾಜಿನ ಲೋಟ ಮಾಡಿಬಿಟ್ರಿ. ನಾನೂ ಸುಮ್ನಿದ್ದೆ. ಬಣ್ಣ ಕೇಳಿದಾಗಲೇ ಅನುಮಾನ ಬಂದಿತ್ತು. ಕೇಳಿದ್ರೆ ಇಲ್ಲ ಅಂತೀಯ. ಕೇಳದೇ ಇದ್ರೆ ಇನ್ನೂ ಒಂದು ಪತ್ರದ ತನಕ ಅದು ನಿನ್ನ ಮಂಚದ ಮೇಲಿರತ್ತಲ್ಲ.

ನಾನೂ ಒಂದು ಮಾತು ಹೇಳದೇ ಉಳಿಸಿಕೊಂಡಿದ್ದೆ. ಅಕೈತಿ ತನ್ನದರಲ್ಲಿ ಹೋದಳು ಅಂತ ಬರೆದಿದ್ದೆ. ನೀನು ಓದಿ ದಾಟಿಬಿಟ್ಟೆ. ನಮ್ಮಲ್ಲಿ ಸತ್ತೋರನ್ನ ತೀವೈವೈಯಲ್ಲಿ ಸುತ್ತಿ ಮಣ್ಣಿಗೆ ಇಡ್ತಾರೆ. ಬದುಕಿದ್ದಾಗ ಕೂಡಿ ಹೊಲಿದೋರ ಕೈ, ಹೋಗುವಾಗ ಮೈಮೇಲೆ. ಮೂರು ಹೊಲಿದ್ವಿ ಅಂದೆನಲ್ಲ. ಮೂರನೇದು ನಂದು. ನನಗೆ ಅಂತ ಇಟ್ಕೊಂಡಿದ್ದು. ಹುಡುಗಿ ಅಷ್ಟು ದೂರ ಹೊರಟಾಗ, ನನ್ನ ಹತ್ರ ಅದಕ್ಕಿಂತ ಒಳ್ಳೇದು ಇನ್ನೇನಿತ್ತು? ಸಾಯೋದಕ್ಕೆ ನಂಗೇನೂ ಅವಸರ ಇರಲಿಲ್ಲ.

ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಕೊಟ್ಟ ಮೇಲೆ ಅದು ನಿಂದು. ಆದ್ರೆ ನಿನ್ನ ಪತ್ರ ಓದಿದ ಮೇಲೆ ನನಗೂ ಒಂದು ಕನಸು ಬಿತ್ತು. ಎಲ್ಲೋ ಚಳಿ ಸಮುದ್ರದ ಪಕ್ಕ ಒಂದು ದಿಬ್ಬ. ಅದರ ಒಳಗೆ ನಮ್ಮ ತೋಟ. ಮಣ್ಣಿನ ಅಡಿಯಲ್ಲೇ ಮಾಯಿರೆ ಹಬ್ಬಿದೆ. ಅಕೈತಿ, ನಾಪೊಕೊ ಇಬ್ಬರೂ ಬಳ್ಳಿ ಸರಿಸಿಕೊಂಡು ಹುಡುಕ್ತಾ ಇದ್ದಾರೆ. "ತೆಪಾಯೆರು, ಹೊದಿಕೆ ಸಿಕ್ತು, ನೀನೆಲ್ಲೇ?" ಅಂತ ಅಕೈತಿ ಕೂಗ್ತಾಳೆ. "ನಾನಿನ್ನೂ ಇಲ್ಲೇ ಇದ್ದೀನಿ ಕಣೆ" ಅಂತೀನಿ. "ಹಾಗಾದ್ರೆ ಇದರೊಳಗೆ ಯಾರು?"

ಎದ್ದು ಕೂತೆ. ಅದೇ ಮಾತು ತಲೇಲಿ ಉಳೀತು. ನಮ್ಮಲ್ಲಿ ತೀವೈವೈ ಮಣ್ಣಿಗೆ ಹೋದ್ರೆ ಒಬ್ಬರನ್ನ ಸುತ್ತಿಕೊಂಡೇ ಹೋಗತ್ತೆ. ಹಾಡು ಇರತ್ತೆ, ಅಳೋರು ಇರ್ತಾರೆ, ಊಟ ಇರತ್ತೆ. ಇದು ಯಾರನ್ನ ಸುತ್ತಿಕೊಂಡು ಹೋಯ್ತು? ಆ ಹಾರ್ಗೆಸ್ಟ್‌ನ ಕೇಳು. ಕೋಣೆಯೊಳಗೆ ಟೀ ಕುಡೀತಾ ಕೇಳಬೇಡ. ನಾಲ್ಕು ಜನರ ಮುಂದೆ ಕೇಳು. ನಮ್ಮೂರಲ್ಲಿ ಯಾರಾದ್ರೂ ಸತ್ತೋರ ಹೆಸರು ಹೇಳದೇ ಹೂತ್ರೆ ಇಡೀ ಊರು ಅವರ ಬಾಗಿಲಿಗೆ ಹೋಗಿ ಕೂರತ್ತೆ.

ಹುಡುಗಿ ಸೂಜಿ ಹಿಡಿದಿದ್ದಾಳೆ. ಶಾಲೆ ಮುಗಿಸಿ ಬಂದು ಹೊಲೀತಾಳೆ, ನನಗೆ ಹೊಸದು. ಕತ್ತರಿಸೋಕೆ ನಾಪೊಕೊ ಇಲ್ಲ, ಬಳ್ಳಿ ಸ್ವಲ್ಪ ಬಾಳೆ ಎಲೆ ಹಾಗಿದೆ. ಹೊಲಿಗೆ ಅಂತೂ ಮೇಕೆ ಹತ್ತಿದ ದಾರಿ. "ಮುಗಿಯೋ ತನಕ ಇರ್ತೀಯಾ ಅಜ್ಜಿ?" ಅಂತಾಳೆ. "ಅದು ಮುಗೀಬೇಕು, ಅಲ್ಲಿಂದ ಉತ್ತರಾನೂ ಬರಬೇಕು, ಆಮೇಲೆ ನೋಡೋಣ" ಅಂದಿದ್ದೀನಿ. ಪಾಸ್ಟರ್‌ಗೂ ಹೇಳಿದ್ದೀನಿ.

ನಿನ್ನ ಅಕ್ಕ
ತೆಪಾಯೆರು


ಡನೀಡಿನ್
20 ಏಪ್ರಿಲ್ 2017

ಗ್ಲೆನ್‌ಕಾರಾ ಹಾಸ್ಟೆಲಿನ ವ್ಯವಸ್ಥಾಪಕ ಶ್ರೀ ಹಾರ್ಗೆಸ್ಟ್ ಅವರಿಗೆ, ಮತ್ತು ಅವರ ಮೇಲಿನವರಿಗೆ,

ಈ ಪತ್ರದ ಒಂದು ಪ್ರತಿಯನ್ನು ನಿಮ್ಮ ಗೇಟಿಗೆ ಅಂಟಿಸಿದ್ದೇನೆ. ಒಂದು ಪ್ರತಿ ನಮ್ಮ ಊರಿನ ಪತ್ರಿಕೆಗೆ ಹೋಗಿದೆ. ಇನ್ನೊಂದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅತಿಯು ದ್ವೀಪದ ನನ್ನ ಅಕ್ಕನಿಗೆ ಕಳಿಸಿದ್ದೇನೆ.

ಹೋದ ನವೆಂಬರ್ ಹನ್ನೊಂದರಂದು ನೀವು ಕಸ ಎಂದು ಕಳಿಸಿದ್ದರಲ್ಲಿ ಒಂದು ಅನ್ನದ ಕುಕ್ಕರಿತ್ತು. ಅದರ ತಳದಲ್ಲಿ ಹನ್ನೊಂದು ಮಕ್ಕಳ ಹೆಸರಿತ್ತು. ಅವರಲ್ಲಿ ಇಬ್ಬರು ಈಗ ಈ ಊರಿನ ಆಸ್ಪತ್ರೆಯಲ್ಲಿ ವೈದ್ಯರು. ನಿಮ್ಮ ಎದೆಗೆ ಕೊಳವೆ ಇಟ್ಟು ಕೇಳುವವರು ಆ ಕುಕ್ಕರಿನ ಅನ್ನ ತಿಂದು ಓದಿದವರು. ಕುಂಟು ಕುರ್ಚಿಗಳಿದ್ದವು, ಅವುಗಳ ಕುಂಟು ನಾವು ಸರಿ ಮಾಡುತ್ತಿದ್ದೆವು. ಓದುವ ದೀಪಗಳು, ಮಳೆಯ ಕೋಟುಗಳು, ಒಂದು ಕಿವಿ ಹೋದ ಮಡಕೆಗಳು. ಒಬ್ಬರಿಗೆ ಸಾಕಾದದ್ದು ಇನ್ನೊಬ್ಬರಿಗೆ ಬೇಕಾಗಿರುತ್ತದೆ. ನಡುವೆ ಒಂದು ಬೇಸಿಗೆ ಕಾಯಬೇಕು, ಅಷ್ಟೇ. ಬಿಟ್ಟು ಹೋದದ್ದೆಲ್ಲ ಬೇಡವಾದದ್ದು ಎಂದು ನೀವು ಹೇಳಿದಿರಿ. ಈ ಊರಿನಲ್ಲಿ ಮೂವತ್ತೆರಡು ವರ್ಷ ಬಿಟ್ಟು ಹೋಗುವುದೆಂದರೆ ಕೊಡುವುದು ಎಂದಾಗಿತ್ತು. ನಿಮ್ಮ ಹಿಂದಿನ ನಾಲ್ವರು ವಾರ್ಡನ್ನರಿಗೆ ಅದು ತಿಳಿದಿತ್ತು. ನಾಲ್ವರ ಹೆಸರೂ ನನಗೆ ನೆನಪಿದೆ. ಬೇಕಿದ್ದರೆ ಬಂದು ಕೇಳಿ.

ರಾಶಿಯ ಮೇಲೆ ಹಳದಿ ಬಟ್ಟೆಯೊಂದಿತ್ತು. ಹಳೆಯ ಮೇಜಿನ ಬಟ್ಟೆ ಎಂದಿರಿ. ಅದು ಮೂವರು ಹೆಂಗಸರು ಎರಡು ಮಳೆಗಾಲ ಕೂತು ಹೊಲಿದ ತೀವೈವೈ. ಒಬ್ಬ ಮುದುಕಿ ತನ್ನ ಕೊನೆಯ ಪಯಣಕ್ಕೆಂದು ತೆಗೆದಿಟ್ಟುಕೊಂಡದ್ದು. ಅದನ್ನು ನನಗೆ ಕೊಟ್ಟಿದ್ದರು. ನಾನು ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ಕನಸಿನಲ್ಲಿ ಒಂದು ರಾತ್ರಿ ಹೊದ್ದಿದ್ದೇನೆ. ನನ್ನದೆಂದು ಹೇಳಿಕೊಳ್ಳಲು ನನ್ನ ಬಳಿ ಇರುವುದು ಆ ಒಂದು ರಾತ್ರಿ ಮತ್ತು ನಿಮ್ಮ ಒದ್ದೆ ನೆಲದಿಂದ ಹೆಕ್ಕಿದ ಒಂದು ಕ್ಲಿಪ್ಪು.

ಬಟ್ಟೆಯ ಬೆಲೆ ನಾನು ಕೇಳುತ್ತಿಲ್ಲ. ಅದನ್ನು ಅವರ ಊರಿನಲ್ಲಿ ಮಾರುವುದಿಲ್ಲ, ಆದ್ದರಿಂದ ಬೆಲೆಯೂ ಇಲ್ಲ. ಕ್ಷಮೆಯ ಕಾಗದವನ್ನೂ ಕಳಿಸಬೇಡಿ. ನಿಮ್ಮ ಗೋಡೆಯ ಹಸಿರು ಎಲೆಯಂಥದೇ ಒಂದು ಎಲೆ ಅದರ ತಲೆಯ ಮೇಲೂ ಇರುತ್ತದೆ, ನನಗೆ ಗೊತ್ತು.

ಮೇ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ನಾವು ಬೀದಿಯವರು ಕೈಗಾಡಿಗಳೊಂದಿಗೆ ನಿಮ್ಮ ಅಂಗಳಕ್ಕೆ ಬರುತ್ತೇವೆ. ಈ ಸಲ ಕೈಗಾಡಿಗಳು ಖಾಲಿ. ಅವುಗಳ ಮೇಲೆ ಕೂರುತ್ತೇವೆ. ಹಳೆಯ ವಿದ್ಯಾರ್ಥಿಗಳು ಬರುತ್ತಾರೆ, ಹೊಸಬರೂ ಬರುತ್ತಾರೆ, ಆ ಫಿಜಿಯ ಹುಡುಗಿ ಚೀಸ್ ರೋಲ್ ಸುಟ್ಟು ತರುತ್ತೇನೆಂದಿದ್ದಾಳೆ. ಸಾವಿನ ಮನೆಯಲ್ಲಿ ಊಟ ಇರಬೇಕಂತೆ. ಅಳಲು ನಾನಿದ್ದೇನೆ. ಇಲ್ಲದಿರುವುದು ಒಂದೇ, ಸತ್ತವರ ಹೆಸರು.

ನನ್ನ ಅಕ್ಕನಿಗೆ ಎಂಬತ್ತಮೂರು. ನಿಮ್ಮ ಉತ್ತರ ಬರುವ ತನಕ ಸಾಯುವುದಿಲ್ಲ ಎಂದು ಪಾಸ್ಟರಿಗೆ ಹೇಳಿದ್ದಾರೆ. ಹಾಗಾದರೆ ತಡ ಮಾಡುವುದೇ ಅವರಿಗೆ ಉಪಕಾರ ಎಂದು ನೀವು ವಾದ ಹೂಡಬಹುದು. ಹೂಡಬೇಡಿ. ನೀವು ಬಾಯಿ ಬಿಡದ ಪ್ರತಿ ಶನಿವಾರವೂ ನಾವು ಬರುತ್ತೇವೆ.

ಆ ತೀವೈವೈಯನ್ನು ಯಾರಿಗೆ ಸುತ್ತಿ ಮಣ್ಣಿಗೆ ಇಟ್ಟಿರಿ? ಅಂಗಳಕ್ಕೆ ಇಳಿದು ಬಂದು, ಎಲ್ಲರಿಗೂ ಕೇಳುವ ಹಾಗೆ, ಹೆಸರು ಹೇಳಿ.

ಐಲ್ಸಾ ಡ್ರಮಂಡ್